ಬಾಡಿಗೆದಾರರ ಸಮೇತ ಮನೆ ಕೊಳ್ಳುವವರಿಗೆ: ಮುಲುಂಡಿನ ಒಂದು ವಕೀಲರ ಕಚೇರಿ

ಮುಂಬೈಯ ಮುಲುಂಡ್ ಪಶ್ಚಿಮದಲ್ಲಿ, ನಿಲ್ದಾಣದಿಂದ ನಡೆದೇ ಹೋಗಬಹುದಾದ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಈ ಕಚೇರಿ ಇದೆ. ನಡೆಸುತ್ತಿರುವವರು ಮುಂಬೈಯಲ್ಲೇ ಹುಟ್ಟಿ ಬೆಳೆದ ಕನ್ನಡತಿ. ಮನೆ ಕೊಡು-ಕೊಳ್ಳುವಿಕೆ ಮತ್ತು ಬಾಡಿಗೆ ವ್ಯಾಜ್ಯ ಬಿಟ್ಟು ಬೇರೆ ಮೊಕದ್ದಮೆಗಳನ್ನು ಅವರು ಹಿಡಿಯುವುದಿಲ್ಲ. ವಕೀಲರು ತಮ್ಮ ಸೇವೆಗೆ ಜಾಹೀರಾತು ಮಾಡಿಕೊಳ್ಳಬಾರದು ಎಂಬ ಬಾರ್ ಕೌನ್ಸಿಲ್ ನಿಯಮ ಇರುವುದರಿಂದ ಹೆಸರು ಬರೆಯುವುದು ಬೇಡ ಎಂದು ಅವರೇ ಕೇಳಿಕೊಂಡರು. ಆದ್ದರಿಂದ ಅವರನ್ನು ಇಲ್ಲಿ ವಕೀಲರು ಎಂದಷ್ಟೇ ಕರೆಯುತ್ತೇನೆ. ಅವರು ಮಾಡಿದ ಕೆಲಸದ ಬಗ್ಗೆ ಬರೆಯಲೇಬೇಕು ಎನ್ನಿಸಿದ್ದು, ನಮ್ಮ ಕನ್ನಡದವರು ಅನೇಕರು ಈಗ ಇಲ್ಲಿ ಎರಡನೇ ಮನೆ ಕೊಳ್ಳುತ್ತಿದ್ದಾರೆ ಮತ್ತು ಅದರೊಳಗೆ ವಾಸ ಇರುವವರ ಬಗ್ಗೆ ಯಾರೂ ಏನನ್ನೂ ಕೇಳುತ್ತಿಲ್ಲ ಎಂಬ ಕಾರಣಕ್ಕೆ.

ನಾನು ಕೊಂಡದ್ದು ಭಾಂಡುಪ್ ಪಶ್ಚಿಮದ ಒಂದು ಬೆಡ್‌ರೂಮಿನ ಫ್ಲ್ಯಾಟ್. ಬೆಲೆ 82 ಲಕ್ಷ. ನಾನು ಲೆಕ್ಕಪತ್ರದ ಕೆಲಸದವಳು, ನಿವೃತ್ತಿಗೆ ಹೆಚ್ಚು ವರ್ಷ ಉಳಿದಿಲ್ಲ. ಪಿಂಚಣಿ ಇಲ್ಲದ ಕೆಲಸವಾದ್ದರಿಂದ ತಿಂಗಳು ತಿಂಗಳು ಬಾಡಿಗೆ ಬರುವ ಒಂದು ಮನೆ ಇರಲಿ ಎಂಬುದು ನನ್ನ ಮತ್ತು ನಮ್ಮವರ ಬಹಳ ದಿನದ ಆಸೆ. ಆ ಫ್ಲ್ಯಾಟಿನಲ್ಲಿ ಆಗಲೇ ಒಂದು ಕುಟುಂಬ ತಿಂಗಳಿಗೆ 22,000 ರೂಪಾಯಿ ಕೊಟ್ಟು ವಾಸವಾಗಿತ್ತು. ದಲ್ಲಾಳಿ ಮೊದಲ ದಿನವೇ ಹೇಳಿದ: "ಬಾಡಿಗೆಯವರ ಚಿಂತೆ ನಿಮಗೆ ಬೇಡ ಮೇಡಂ, ನೋಂದಣಿ ಆದ ವಾರದೊಳಗೆ ಖಾಲಿ ಮಾಡಿಸಿಕೊಡುತ್ತೇವೆ." ಖಾಲಿ ಮಾಡಿಸುವುದು ನನಗೆ ಬೇಕಾಗಿರಲೇ ಇಲ್ಲ. ಬಾಡಿಗೆಗೆ ಕೊಡಲೆಂದೇ ಕೊಳ್ಳುವ ಮನೆಯಲ್ಲಿ ಒಳ್ಳೆಯ ಬಾಡಿಗೆದಾರರು ಇದ್ದರೆ ಅವರನ್ನು ಎಬ್ಬಿಸಿ, ಹೊಸಬರನ್ನು ಹುಡುಕಿ, ಮತ್ತೆ ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ ಕೊಡುವುದು ಯಾವ ಲೆಕ್ಕ? ಹಾಗೆಂದು ಗೊತ್ತಿಲ್ಲದ ಕರಾರಿನ ಮೇಲೆ ಇರುವವರನ್ನು ಹಾಗೆಯೇ ಒಪ್ಪಿಕೊಳ್ಳುವುದೂ ಸಾಧ್ಯವಿರಲಿಲ್ಲ.

ಕಚೇರಿಗೆ ಹೋಗುವಾಗ ದಪ್ಪ ಫೈಲು ಕಟ್ಟಿಕೊಂಡು ಹೋಗಿದ್ದೆ. ಕಟ್ಟಡದ ಸಹಕಾರಿ ಸೊಸೈಟಿಯ ಷೇರು ಪತ್ರ, ಬಿಲ್ಡರ್‌ನಿಂದ ಮೊದಲ ಮಾಲೀಕನಿಗೆ, ಅವನಿಂದ ಈಗಿನ ಮಾರಾಟಗಾರರಿಗೆ ಆದ ಕರಾರುಗಳು, ಮಹಾನಗರ ಪಾಲಿಕೆಯ ತೆರಿಗೆ ಬಿಲ್ಲು ಎಲ್ಲವೂ ಇದ್ದವು. ವಕೀಲರು ಫೈಲನ್ನು ಮೇಜಿನ ಒಂದು ಬದಿಗೆ ಇಟ್ಟರು. "ಇದನ್ನು ಆಮೇಲೆ ಓದುತ್ತೇನೆ ಅಕ್ಕ. ಒಳಗೆ ಇರುವವರು ಯಾವ ಕಾಗದದ ಮೇಲೆ ಇದ್ದಾರೆ? ಅದನ್ನು ಮೊದಲು ಹೇಳಿ." ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ಅದಕ್ಕೆ ಮೊದಲು ದಲ್ಲಾಳಿಯಾಗಲಿ, ಮಾರುವವರಾಗಲಿ, ಸಾಲ ಕೊಡಲು ಮುಂದೆ ಬಂದ ಬ್ಯಾಂಕಿನವರಾಗಲಿ ನನ್ನ ಮುಂದೆ ಇಟ್ಟಿರಲಿಲ್ಲ.

ಮುಂಬೈಯಲ್ಲಿ ಬಾಡಿಗೆದಾರರು ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಬಗೆಯ ಜನ ಇದ್ದಾರೆ. ಒಬ್ಬರಿಗೂ ಇನ್ನೊಬ್ಬರಿಗೂ ಕಾನೂನಿನಲ್ಲಿ ಅಜಗಜಾಂತರ. ವಕೀಲರು ಇದನ್ನು ವಿವರಿಸುವಾಗ ನನಗೆ ಗಿರಗಾಂವ್‌ನಲ್ಲಿದ್ದ ನನ್ನ ಸೋದರಮಾವನ ಖೋಲಿ ನೆನಪಾಯಿತು. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು, ಉಡುಪಿ ಹೋಟೆಲೊಂದರಲ್ಲಿ ಬಡಿಸುವ ಕೆಲಸದಿಂದ ಗಲ್ಲೆಯವರೆಗೆ ಏರಿದವರು ಅವರು. ಚಾಳಿನ ಆ ಒಂದು ಖೋಲಿ ಪಗಡಿಯದು. ಪಗಡಿ ಎಂದರೆ ಮನೆಗೆ ಬರುವಾಗ ದೊಡ್ಡ ಮೊತ್ತ ಕೊಟ್ಟು, ಆಮೇಲೆ ಹೆಸರಿಗೆ ಮಾತ್ರ ಎನ್ನುವಂಥ ಬಾಡಿಗೆ ಕೊಡುತ್ತಾ, ಮನೆಯವರೆಲ್ಲ ತಲೆಮಾರು ಕಳೆಯುವ ಪದ್ಧತಿ. ಆ ಚಾಳು ಮಾವನ ಕಾಲದಲ್ಲೇ ಎರಡು ಸಲ ಕೈ ಬದಲಾಯಿಸಿತು. ಬದಲಾದದ್ದು ಬಾಡಿಗೆ ರಸೀದಿಯ ಮೇಲಿನ ಮಾಲೀಕರ ಹೆಸರು ಮಾತ್ರ. ಮಾವನ ಟ್ರಂಕು ಇದ್ದ ಜಾಗದಲ್ಲೇ ಇತ್ತು. ಕೊಂಡವರು ಕಟ್ಟಡ ಕೊಂಡರು, ಜೊತೆಗೆ ಮಾವನನ್ನೂ ಅವರ ರಸೀದಿ ಪುಸ್ತಕವನ್ನೂ ಕೊಂಡರು.

ಇದರ ಹಿಂದೆ ಇರುವುದು ಬಾಡಿಗೆ ನಿಯಂತ್ರಣ ಕಾನೂನು. ಮೊದಲು 1947ರ ಬಾಂಬೆ ಬಾಡಿಗೆ ಕಾಯ್ದೆ ಇತ್ತು. ಅದರ ಜಾಗಕ್ಕೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂದು, 2000ದ ಮಾರ್ಚ್ 31ರಿಂದ ಜಾರಿಯಲ್ಲಿದೆ. ಹಳೆಯ ಬಾಡಿಗೆದಾರ ನಿಗದಿಯಾದ ಬಾಡಿಗೆ ಕೊಡುತ್ತಿರುವವರೆಗೆ ಮಾಲೀಕ ಸುಮ್ಮನೆ ಬಿಡಿಸುವಂತಿಲ್ಲ. ಬಾಕಿ, ಅನುಮತಿಯಿಲ್ಲದ ಮರುಬಾಡಿಗೆ, ಮಾಲೀಕನ ನಿಜವಾದ ಸ್ವಂತ ಅಗತ್ಯ ಮುಂತಾದ ಕಾರಣಗಳನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕು. ಬಾಡಿಗೆ ವರ್ಷಕ್ಕೆ ಶೇ. 4ರಷ್ಟು ಏರಿಸಬಹುದು, ಆದರೆ ಏರುವ ಮೂಲ ಮೊತ್ತವೇ ಚಿಕ್ಕದು. ಬಾಡಿಗೆದಾರ ತೀರಿಕೊಂಡರೆ ಅವರ ಜೊತೆ ವಾಸವಿದ್ದ ಕುಟುಂಬದವರಿಗೆ ಆ ಹಕ್ಕು ದಾಟುತ್ತದೆ. ಪಗಡಿ ಹಣವನ್ನು ತೆಗೆದುಕೊಳ್ಳುವುದನ್ನು 1999ರ ಕಾಯ್ದೆಯ 56ನೇ ಕಲಮು ಕಾನೂನುಬದ್ಧ ಮಾಡಿತು. ಇನ್ನೂ ಒಂದು ದಿನಾಂಕವನ್ನು ವಕೀಲರು ನನ್ನ ಕೈಯಲ್ಲೇ ಬರೆಸಿದರು: 1973ರ ಫೆಬ್ರುವರಿ 1. ಆ ದಿನ ಚಾಲ್ತಿಯಲ್ಲಿದ್ದ ಲೈಸೆನ್ಸಿನ, ಅಂದರೆ ವಾಸದ ಅನುಮತಿಯ, ಮೇಲೆ ಇದ್ದವರನ್ನು ಹಳೆಯ ಕಾಯ್ದೆಯ ತಿದ್ದುಪಡಿ ಪೂರ್ಣ ಬಾಡಿಗೆದಾರರೆಂದೇ ಪರಿಗಣಿಸಿತು. ಹಾಗಾಗಿ ದಾದರ್, ಪರೇಲ್, ಗಿರಗಾಂವ್, ಮಾಟುಂಗಗಳಂಥ ಹಳೆಯ ಭಾಗದಲ್ಲಿ ಯಾರಾದರೂ ಬಾಡಿಗೆದಾರರ ಸಮೇತ ಅಗ್ಗಕ್ಕೆ ಮನೆ ಕೊಡುತ್ತೇವೆ ಎಂದರೆ, ಒಳಗಿರುವವರು ಅಥವಾ ಅವರ ತಂದೆ ಎಂದಿನಿಂದ ಇದ್ದಾರೆ ಎಂಬುದನ್ನೇ ಮೊದಲು ಕೇಳಬೇಕು. ಅಗ್ಗವಾಗಿರುವುದಕ್ಕೆ ಕಾರಣ ಅಲ್ಲೇ ಇರುತ್ತದೆ.

ನನ್ನ ಫ್ಲ್ಯಾಟಿನ ಕಥೆ ಅದಲ್ಲ. ಹೊಸ ಕಟ್ಟಡಗಳಲ್ಲಿ ಈಗ ಎಲ್ಲ ಕಡೆ ನಡೆಯುವುದು ಲೀವ್ ಆಂಡ್ ಲೈಸೆನ್ಸ್. ಅದರಲ್ಲಿ ಮನೆಯ ಮೇಲೆ ಬಾಡಿಗೆದಾರರಿಗೆ ಯಾವ ಹಿತಾಸಕ್ತಿಯೂ ಹುಟ್ಟುವುದಿಲ್ಲ, ವಾಸ ಮಾಡಲು ಅನುಮತಿ ಮಾತ್ರ. ಅದಕ್ಕೆ ಆಧಾರ 1882ರ ಭಾರತೀಯ ಈಸ್‌ಮೆಂಟ್ಸ್ ಕಾಯ್ದೆ. ಆ ಕಾಯ್ದೆಯ 59ನೇ ಕಲಮು ಓದಿ ಹೇಳಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಅನುಮತಿ ಕೊಟ್ಟ ಮಾಲೀಕ ಆಸ್ತಿಯನ್ನು ಬೇರೆಯವರಿಗೆ ವರ್ಗಾಯಿಸಿದರೆ, ಕೊಂಡವರು ಆ ಅನುಮತಿಗೆ ತಾನೇ ತಾನಾಗಿ ಬದ್ಧರಲ್ಲ. ಅಂದರೆ ಮಾರಾಟವಾದ ಮರುದಿನ "ನಿಮಗೂ ನನಗೂ ಕರಾರಿಲ್ಲ" ಎಂದು ಹೇಳುವ ಅವಕಾಶ ನನಗಿತ್ತು. ಹಣ ಕೊಟ್ಟು ವಾಸವಿದ್ದವರನ್ನು ಅವರ ತಪ್ಪಿಲ್ಲದೆ ಅವಧಿಗೆ ಮೊದಲೇ ಎಬ್ಬಿಸಿದರೆ ಪರಿಹಾರ ಕೇಳಬಹುದು ಎಂದು 64ನೇ ಕಲಮು ಹೇಳುತ್ತದೆ, ಆದರೆ ಕೇಳಬೇಕಾದದ್ದು ಅನುಮತಿ ಕೊಟ್ಟಿದ್ದ ಹಳೆಯ ಮಾಲೀಕರನ್ನು. ಕೈಯಲ್ಲಿ ಮಾರಾಟದ ಹಣ ಹಿಡಿದು ಹೊರಟವರನ್ನು ಹುಡುಕಿಕೊಂಡು ಬಾಡಿಗೆಯವರು ಎಲ್ಲಿ ಅಲೆಯಬೇಕು? ಡಿಪಾಸಿಟ್ ಮುಳುಗಿತು ಎಂಬ ಮಾತು ಈ ಊರಿನಲ್ಲಿ ಹುಟ್ಟುವುದು ಇಲ್ಲಿಯೇ.

"ಕಾನೂನು ನಿಮ್ಮ ಕಡೆ ಇದೆ ಎಂದು ಹೇಳಿ ನಾನು ಇಲ್ಲಿಗೇ ನಿಲ್ಲಿಸಬಹುದು," ಎಂದರು ವಕೀಲರು. "ಆದರೆ ಹಣ ಕಳೆದುಕೊಂಡವರು ಮನೆ ಬಿಡುವುದಿಲ್ಲ. ನೀವು ನ್ಯಾಯಾಲಯಕ್ಕೆ ಹೋಗುತ್ತೀರಿ, ಅವರೂ ಬರುತ್ತಾರೆ. ಆಗ ಕಲಮು 59 ಇಟ್ಟುಕೊಂಡು ಏನು ಮಾಡುತ್ತೀರಿ?" ಈ ಮಾತಿನಿಂದಲೇ ಅವರ ಮೇಲೆ ನನಗೆ ಭರವಸೆ ಬಂತು. ಗೆಲ್ಲುವ ದಾರಿ ತೋರಿಸುವ ವಕೀಲರು ಸಿಗುತ್ತಾರೆ. ಜಗಳವೇ ಹುಟ್ಟದಂತೆ ಕಾಗದ ಮಾಡುವವರು ಕಡಿಮೆ.

ಮುಂದಿನ ಕೆಲಸ ನೋಂದಣಿ ಇಲಾಖೆಯ ದಾಖಲೆ ಶೋಧ. ಮಹಾರಾಷ್ಟ್ರದ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಜಾಲತಾಣದಲ್ಲಿ ಇ-ಸರ್ಚ್ ಎಂಬ ಸೌಲಭ್ಯವಿದೆ. ನೋಂದಣಿಯಾದ ದಸ್ತಾವೇಜಿನ ಸಾರಾಂಶ, ಅಂದರೆ ಇಂಡೆಕ್ಸ್ ಟು, ಅಲ್ಲಿ ಸಿಗುತ್ತದೆ. ಮಾರಾಟದ ಕರಾರು ಮಾತ್ರವಲ್ಲ, ಲೀವ್ ಆಂಡ್ ಲೈಸೆನ್ಸ್ ಕರಾರು ಕೂಡ. ಸಾಮಾನ್ಯರು ಮನೆಯಲ್ಲೇ ಕುಳಿತು ನೋಡಬಹುದಾದ ಇಷ್ಟು ಒಳ್ಳೆಯ ವ್ಯವಸ್ಥೆಯನ್ನು ನಾನು ಅದುವರೆಗೆ ಬಳಸಿರಲಿಲ್ಲ. ಈಗ ಪರಿಚಯದವರಿಗೆಲ್ಲ ಹೇಳುತ್ತಿದ್ದೇನೆ. ನಮ್ಮ ಫ್ಲ್ಯಾಟಿಗೆ ಒಂದು ಲೈಸೆನ್ಸ್ ಕರಾರು ನೋಂದಣಿಯಾಗಿತ್ತು. ಆದರೆ ಅದರ ಅವಧಿ ಯಾವಾಗಲೋ ಮುಗಿದಿತ್ತು. ಆಮೇಲಿನದ್ದಕ್ಕೆ ಮಾರಾಟಗಾರರ ಕೈಯಲ್ಲಿದ್ದದ್ದು ಹನ್ನೊಂದು ತಿಂಗಳೆಂದು ಬರೆದು ನೋಟರಿ ಮುದ್ರೆ ಹಾಕಿಸಿದ ಸ್ಟಾಂಪ್ ಪೇಪರ್ ಮಾತ್ರ.

ಊರಿನಿಂದ ಬಂದ ನಮ್ಮವರು ಇಲ್ಲಿ ಎಡವುತ್ತಾರೆ. ಒಂದು ವರ್ಷ ಮೀರದ ಬಾಡಿಗೆ ಕರಾರಿಗೆ ನೋಂದಣಿ ಬೇಡ, ಅದಕ್ಕೇ ಹನ್ನೊಂದು ತಿಂಗಳು ಎಂಬುದು ಕರ್ನಾಟಕದಲ್ಲಿ ನಾವೆಲ್ಲ ಕೇಳಿ ಬೆಳೆದ ಲೆಕ್ಕ. ಮಹಾರಾಷ್ಟ್ರದಲ್ಲಿ ಆ ಲೆಕ್ಕ ನಡೆಯುವುದಿಲ್ಲ. 1999ರ ಕಾಯ್ದೆಯ 55ನೇ ಕಲಮಿನ ಪ್ರಕಾರ ಎಷ್ಟೇ ಸಣ್ಣ ಅವಧಿಯ ಕರಾರಾದರೂ ಲಿಖಿತವಾಗಿರಬೇಕು, ನೋಂದಣಿಯಾಗಬೇಕು. ಮಾಡಿಸುವ ಹೊಣೆ ಮಾಲೀಕರದು. ಮಾಡಿಸದ ಮಾಲೀಕರಿಗೆ ಮೂರು ತಿಂಗಳವರೆಗೆ ಸೆರೆಮನೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ಮುಖ್ಯವಾದದ್ದು ಆ ಕಲಮಿನ ಇನ್ನೊಂದು ಮಾತು: ನೋಂದಣಿಯಾದ ಕರಾರು ಇಲ್ಲದಿದ್ದಾಗ, ಯಾವ ಷರತ್ತಿನ ಮೇಲೆ ಮನೆ ಕೊಟ್ಟರು ಎಂಬುದರಲ್ಲಿ ಬಾಡಿಗೆದಾರರು ಹೇಳಿದ್ದೇ ನಿಲ್ಲುತ್ತದೆ, ಅದು ಸುಳ್ಳೆಂದು ಬೇರೆ ರೀತಿ ಸಾಬೀತಾಗುವವರೆಗೆ. ಮಾರಾಟಗಾರರು ನನಗೆ ಏನು ಹೇಳಿದ್ದರೂ ಅದು ಅರ್ಧ ಮಾತು. ಉಳಿದರ್ಧ ಬಾಡಿಗೆಯವರ ಬಾಯಿಯಲ್ಲಿತ್ತು.

ಆದ್ದರಿಂದ ವಕೀಲರು ಅವರನ್ನು ನೋಡಬೇಕು ಎಂದರು, ಮಾರಾಟಗಾರರಾಗಲಿ ದಲ್ಲಾಳಿಯಾಗಲಿ ಎದುರಿಗಿಲ್ಲದೆ. ಒಂದು ಭಾನುವಾರ ನಾವಿಬ್ಬರೂ ಭಾಂಡುಪ್‌ಗೆ ಹೋದೆವು.

ಬಾಗಿಲು ತೆರೆದವರು ಅಕ್ಕಲಕೋಟೆ ಕಡೆಯವರು. ಸೊಲ್ಲಾಪುರ ಜಿಲ್ಲೆಯ ಆ ಭಾಗದಲ್ಲಿ ಮನೆಮಾತು ಕನ್ನಡವಾಗಿರುವವರು ಬಹಳ. ನಾನು ಕನ್ನಡದವಳೆಂದು ತಿಳಿದದ್ದೇ ಆಕೆಯ ಮುಖ ಬಿಚ್ಚಿಕೊಂಡಿತು. ಗಂಡ ಟೆಂಪೋ ಓಡಿಸುತ್ತಾರೆ. ಆಕೆ ಕಿಟಕಿಯ ಪಕ್ಕದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ, ಶಾಲೆಯ ಸಮವಸ್ತ್ರ ಹೊಲಿಯುತ್ತಾರೆ. ಮಗಳು ಹತ್ತನೇ ತರಗತಿ. ಯಂತ್ರದ ಪಕ್ಕದಲ್ಲೇ ಅವಳ ಪುಸ್ತಕದ ರಾಶಿ. ಚಹಾ ಬರುವ ಮೊದಲೇ ಆಕೆ ಕೇಳಿದರು: "ಅಕ್ಕಾವರೇ, ಮನೆ ಮಾರಿದ ಮೇಲೆ ಹೊಸ ಮಾಲೀಕರು ಡಿಪಾಸಿಟ್ ಕೊಡುವುದಿಲ್ಲ, ಹಳೆಯವರು ಫೋನ್ ಎತ್ತುವುದಿಲ್ಲ ಎಂದು ಕೆಳಗಿನ ಮನೆಯವರು ಹೇಳುತ್ತಿದ್ದಾರೆ. ಹೌದೇ?"

ವಕೀಲರು ಸಮಾಧಾನದ ಮಾತು ಹೇಳಲಿಲ್ಲ. ಕಾಗದ ಪೆನ್ನು ತೆಗೆದರು. ಎಂದಿನಿಂದ ಇದ್ದೀರಿ, ತಿಂಗಳಿಗೆ ಎಷ್ಟು, ಯಾವ ತಿಂಗಳವರೆಗೆ ಕೊಟ್ಟಿದ್ದೀರಿ, ಮುಂಗಡವಾಗಿ ಏನಾದರೂ ಕೊಟ್ಟಿದ್ದೀರಾ, ಡಿಪಾಸಿಟ್ ಎಷ್ಟು ಮತ್ತು ಹೇಗೆ ಕೊಟ್ಟಿರಿ, ಮನೆಯಲ್ಲಿ ಯಾರು ಯಾರು ಇದ್ದೀರಿ, ಯಾರಿಗಾದರೂ ಒಳಬಾಡಿಗೆ ಕೊಟ್ಟಿದ್ದೀರಾ, ಮನೆಗಾಗಿ ನಿಮ್ಮ ಕೈಯಿಂದ ಖರ್ಚು ಮಾಡಿದ್ದೀರಾ, ಮಾಲೀಕರು ಬಾಯಿಮಾತಿನಲ್ಲಿ ಏನಾದರೂ ಒಪ್ಪಿಕೊಂಡಿದ್ದಾರಾ. ಒಂದೊಂದನ್ನೂ ಕೇಳಿ, ಉತ್ತರ ಬರೆದು, ಓದಿ ತೋರಿಸಿದರು.

ಹೊರಬಂದ ಸಂಗತಿಗಳು ನನಗೆ ಯಾರೂ ಹೇಳದವು. ಡಿಪಾಸಿಟ್ 50,000 ಎಂದು ಮಾರಾಟಗಾರರು ಹೇಳಿದ್ದರು, ಹಳೆಯ ನೋಂದಣಿ ಕರಾರಿನಲ್ಲಿಯೂ ಅಷ್ಟೇ ಇತ್ತು. ಆದರೆ ಮುಂದುವರಿಸುವಾಗ ಇನ್ನೂ 50,000 ಕೇಳಿ ಪಡೆದಿದ್ದರು. ಆಕೆ ಬ್ಯಾಂಕಿನ ಪಾಸ್‌ಬುಕ್ ತಂದು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಬಚ್ಚಲುಮನೆಯ ಸೋರಿಕೆ ರಿಪೇರಿಗೆ ಆಕೆಯೇ 14,000 ಹಾಕಿದ್ದರು. ಬಾಡಿಗೆಯಲ್ಲಿ ಕಳೆದುಕೊಳ್ಳಿ ಎಂದ ಮಾಲೀಕರು ಆಮೇಲೆ ಆ ಮಾತೆತ್ತಿರಲಿಲ್ಲ. ಪ್ಲಂಬರ್ ಬರೆದುಕೊಟ್ಟ ಚೀಟಿಯೂ ಇತ್ತು. ಒಟ್ಟು 64,000 ರೂಪಾಯಿ. ನೋಂದಣಿಯಾದ ಮರುದಿನ ಆಕೆ ಇದನ್ನು ಯಾರ ಹತ್ತಿರ ಕೇಳುತ್ತಿದ್ದರು? ಬಾಡಿಗೆ ತೆಗೆದುಕೊಳ್ಳಲು ಬಂದ ನನ್ನ ಹತ್ತಿರವೇ. ಮತ್ತು ಕೇಳುವುದು ನ್ಯಾಯವೂ ಆಗಿತ್ತು.

ಆ ಒಂದು ಹಾಳೆಗೆ ಆಕೆ ಮತ್ತು ಗಂಡ ಸಹಿ ಹಾಕಿದರು. ಮುಂದೆ ಮಾಡಿದ ಎಲ್ಲ ಕಾಗದಗಳಿಗೂ ಅದೇ ಬುನಾದಿ. ನನ್ನನ್ನು ಕೇಳಿದರೆ ವಕೀಲರಿಗೆ ಕೊಟ್ಟ ಶುಲ್ಕದ ಮುಕ್ಕಾಲು ಪಾಲು ಆ ಭಾನುವಾರದ ಕೆಲಸಕ್ಕೇ ಸಂದದ್ದು.

ಮಾರಾಟಗಾರರ ಜೊತೆಗಿನ ಮಾತುಕತೆ ಬಿಸಿಯಾಗಿಯೇ ನಡೆಯಿತು. "ಬಾಡಿಗೆಯವರ ಮಾತು ಕೇಳಿ ನನ್ನನ್ನು ಸುಳ್ಳನನ್ನಾಗಿ ಮಾಡುತ್ತೀರಾ" ಎಂದರು. ಪಾಸ್‌ಬುಕ್ಕಿನ ಪ್ರತಿ ಮುಂದಿಟ್ಟ ಮೇಲೆ ದನಿ ಇಳಿಯಿತು. ಆಗ ದಲ್ಲಾಳಿ ಒಂದು ಉಪಾಯ ಹೇಳಿದ: ಒಂದು ಲಕ್ಷವನ್ನು ಮನೆಯ ಬೆಲೆಯಲ್ಲೇ ಕಡಿಮೆ ಮಾಡಿ ಬರೆದುಬಿಡೋಣ, ಮುದ್ರಾಂಕ ಶುಲ್ಕವೂ ಉಳಿಯುತ್ತದೆ. ವಕೀಲರು ಖಂಡಿತ ಒಪ್ಪಲಿಲ್ಲ. ಬೆಲೆ ಬೆಲೆಯೇ, ಡಿಪಾಸಿಟ್ ಎಂಬುದು ಮಾರಾಟಗಾರರ ಮೇಲಿರುವ ಸಾಲ. ಎರಡನ್ನೂ ಬೆರೆಸಿದರೆ ನಾಳೆ ಡಿಪಾಸಿಟ್ ನನ್ನ ಕೈ ಸೇರಿತು ಎನ್ನುವುದಕ್ಕೆ ಕಾಗದವೇ ಇರುವುದಿಲ್ಲ. ಕೊನೆಗೆ ಕರಾರಿನಲ್ಲಿ ಬೆಲೆ 82 ಲಕ್ಷವೆಂದೇ ಬರೆದು, ಮುದ್ರಾಂಕ ಶುಲ್ಕವನ್ನೂ ಮೂಲದಲ್ಲೇ ಕಡಿತ ಮಾಡಿ ಕಟ್ಟಬೇಕಾದ ಶೇ. 1ರ ಆದಾಯ ತೆರಿಗೆ 82,000 ರೂಪಾಯಿಯನ್ನೂ ಪೂರ್ತಿ ಬೆಲೆಯ ಮೇಲೆಯೇ ಲೆಕ್ಕ ಹಾಕಿದೆವು. ಕೊನೆಯ ಕಂತಿನಲ್ಲಿ ಒಂದು ಲಕ್ಷವನ್ನು ನಾನು ಹಿಡಿದಿಟ್ಟುಕೊಂಡೆ. ಅದು ಬಾಡಿಗೆದಾರರ ಡಿಪಾಸಿಟ್, ಇನ್ನು ಮುಂದೆ ಅದನ್ನು ಹಿಂತಿರುಗಿಸುವ ಹೊಣೆ ಕೊಂಡವರದು ಎಂದು ಪ್ರತ್ಯೇಕ ಪರಿಚ್ಛೇದವೇ ಇದೆ. ರಿಪೇರಿಯ 14,000 ರೂಪಾಯಿಯನ್ನು ಮಾರಾಟಗಾರರು ನೋಂದಣಿಗೆ ಮೊದಲೇ ಆಕೆಯ ಖಾತೆಗೆ ಹಾಕಿದರು. ಮನೆ ಮಹಿಳೆಯ ಹೆಸರಿನಲ್ಲಿ ಮಾತ್ರ ಇದ್ದರೆ ಮಹಾರಾಷ್ಟ್ರದಲ್ಲಿ ಮುದ್ರಾಂಕ ಶುಲ್ಕದಲ್ಲಿ ಶೇ. 1ರಷ್ಟು ರಿಯಾಯಿತಿ ಇದೆ; ಮುಂಬೈಯ ಶೇ. 6ರ ಬದಲು ನಾನು ಕಟ್ಟಿದ್ದು ಶೇ. 5. ದಲ್ಲಾಳಿ ಉಳಿಸಿಕೊಡಲು ಹೊರಟ ಮೊತ್ತಕ್ಕಿಂತ ಎಷ್ಟೋ ಪಾಲು ಹೆಚ್ಚು ಇದರಲ್ಲಿ ನೇರ ದಾರಿಯಲ್ಲೇ ಉಳಿಯಿತು.

ಜೊತೆಗೆ ಮೂವರೂ ಸಹಿ ಮಾಡಿದ ಒಂದು ಪತ್ರ. ಈ ದಿನದಿಂದ ಮಾಲೀಕರು ಇವರು, ಬಾಡಿಗೆ ಇವರ ಈ ಖಾತೆಗೆ, ಡಿಪಾಸಿಟ್ ಇವರ ಬಳಿ. ಮಾರಾಟದ ಸುದ್ದಿ ತಿಳಿಯದೆ ಹಳೆಯ ಮಾಲೀಕರಿಗೇ ಬಾಡಿಗೆ ಕೊಟ್ಟ ಬಾಡಿಗೆದಾರರಿಂದ ಅದನ್ನು ಮತ್ತೆ ಕೇಳುವಂತಿಲ್ಲ ಎಂಬ ತತ್ವ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಮಿನಲ್ಲಿದೆ. ಅದು ಬಾಡಿಗೆ ಗೇಣಿಯ, ಅಂದರೆ ಲೀಸಿನ, ಬಗ್ಗೆ ಹೇಳಿದ ಮಾತು, ಲೈಸೆನ್ಸಿನದಲ್ಲ. ಆದರೂ ಪತ್ರ ಇದ್ದರೆ ವಾದಕ್ಕೆ ಎಡೆಯೇ ಇಲ್ಲ ಎಂದು ವಕೀಲರು ಮಾಡಿಸಿದರು. ನೋಂದಣಿ ತಿಂಗಳ ನಡುವೆ ಬಿದ್ದದ್ದರಿಂದ ಆ ತಿಂಗಳ 22,000 ರೂಪಾಯಿಯನ್ನು ದಿನದ ಲೆಕ್ಕದಲ್ಲಿ ಹಂಚಿಕೊಂಡೆವು. ಅದನ್ನು ನಾನೇ ಮಾಡಿಕೊಟ್ಟೆ.

ಹಳೆಯ ಕರಾರನ್ನು ಮುಂದುವರಿಸುವ ಬದಲು ಹೊಸದೇ ಬೇಕು ಎಂದು ವಕೀಲರು ಪಟ್ಟು ಹಿಡಿದದ್ದಕ್ಕೆ ಬಲವಾದ ಕಾರಣವಿತ್ತು. ಲೈಸೆನ್ಸ್ ಅವಧಿ ಮುಗಿದ ಮೇಲೂ ಮನೆ ಬಿಡದಿದ್ದರೆ ಮಾಲೀಕರು ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಬಿಡುವವರೆಗೆ ಬಾಡಿಗೆಯ ಎರಡು ಪಟ್ಟು ನಷ್ಟ ಪರಿಹಾರ. 1999ರ ಕಾಯ್ದೆಯ 24ನೇ ಕಲಮು ಇದು. ಲಿಖಿತ ಕರಾರಿನಲ್ಲಿ ಏನಿದೆಯೋ ಅದೇ ಅಲ್ಲಿ ಅಂತಿಮ ಪುರಾವೆ. ಆದರೆ ಆ ಕಲಮಿನ ವಿವರಣೆಯಲ್ಲಿ ಮಾಲೀಕರು ಎಂದರೆ ಅವರ ಮರಣಾನಂತರ ಬಂದ ವಾರಸುದಾರರೂ ಸೇರುತ್ತಾರೆ ಎಂದಿದೆ, ಕೊಂಡವರ ಹೆಸರಿಲ್ಲ. ಹಳೆಯ ಮಾಲೀಕರ ಕರಾರು ಹಿಡಿದು ನಾನು ಆ ಬಾಗಿಲಿಗೆ ಹೋದರೆ ಮೊದಲ ಪ್ರಶ್ನೆ ನನ್ನ ಮೇಲೇ ಬೀಳಬಹುದು. ಕಾಯ್ದೆಯ ಇಂಥ ಒಂದು ಸಾಲನ್ನು ಓದಿ, ಅದು ನಮ್ಮಂಥವರ ಬದುಕಿಗೆ ಎಲ್ಲಿ ತಾಗುತ್ತದೆ ಎಂದು ತೋರಿಸಿದ್ದಕ್ಕೆ ಅವರಿಗೆ ನಾನು ಋಣಿ.

ಹೊಸ ಕರಾರು 24 ತಿಂಗಳಿಗೆ. ಮೊದಲ ವರ್ಷ 22,000, ಎರಡನೇ ವರ್ಷ ಶೇ. 5 ಏರಿಕೆಯೊಂದಿಗೆ 23,100. ಮಗಳ ಪರೀಕ್ಷೆ ಮಾರ್ಚ್‌ನಲ್ಲಿ. ಅದು ಮುಗಿಯುವವರೆಗೆ ಯಾವ ಕಾರಣಕ್ಕೂ ಎಬ್ಬಿಸಬೇಡಿ ಎಂದು ಆಕೆ ಕೇಳಿಕೊಂಡರು. ಅದನ್ನು ಬಾಯಿಮಾತಾಗಿ ಬಿಡದೆ, ಮಾರ್ಚ್ ಕೊನೆಯವರೆಗೆ ಎರಡೂ ಕಡೆಯವರು ಕರಾರು ಮುರಿಯುವಂತಿಲ್ಲ ಎಂದು ಬರೆಸಿದೆವು. ಖರ್ಚು ಕೇಳಿದರೆ ಅನೇಕರಿಗೆ ಆಶ್ಚರ್ಯವಾದೀತು. ಮುದ್ರಾಂಕ ಶುಲ್ಕ ಇಡೀ ಅವಧಿಯ ಬಾಡಿಗೆ ಮತ್ತು ಡಿಪಾಸಿಟ್ ಮೇಲೆ ವರ್ಷಕ್ಕೆ ಶೇ. 10ರ ಬಡ್ಡಿ ಸೇರಿಸಿ ಅದರ ಶೇ. 0.25. ನಮ್ಮದರಲ್ಲಿ ಬಾಡಿಗೆ ಒಟ್ಟು 5,41,200, ಬಡ್ಡಿ 20,000. ಶುಲ್ಕ 1,400ರ ಆಸುಪಾಸು. ನಗರ ಪ್ರದೇಶದ ನೋಂದಣಿ ಶುಲ್ಕ 1,000. ಇಷ್ಟು ಹಣ ಉಳಿಸಲು ಜನ ನೋಟರಿ ಕಾಗದದ ಮೇಲೆ ಲಕ್ಷಗಟ್ಟಲೆ ವ್ಯವಹಾರ ನಡೆಸುತ್ತಾರೆ ಎಂಬುದು ನನಗೆ ಸಂಕಟದ ವಿಷಯ.

ನೋಂದಣಿಗೆ ಕಚೇರಿಗೆ ಹೋಗಬೇಕಾಗಿಯೂ ಇಲ್ಲ. ವಕೀಲರ ಸಹಾಯಕ ಹುಡುಗ ಲ್ಯಾಪ್‌ಟಾಪ್, ಕ್ಯಾಮೆರಾ, ಬೆರಳಚ್ಚಿನ ಯಂತ್ರ ಹಿಡಿದು ಮನೆಗೇ ಬಂದ. ಆಧಾರ್ ಮೂಲಕ ಹೆಬ್ಬೆರಳು ಹೊಂದಬೇಕು. ನಮ್ಮೆಲ್ಲರದ್ದು ಸರಾಗವಾಗಿ ಆಯಿತು, ಆಕೆಯದು ಆಗಲಿಲ್ಲ. ವರ್ಷಗಟ್ಟಲೆ ಬಟ್ಟೆ ಹಿಡಿದು, ಸೂಜಿ ಚುಚ್ಚಿ ಹೆಬ್ಬೆರಳಿನ ಗೆರೆಗಳು ಸವೆದಿದ್ದವು. ಸಾಬೂನು ಹಾಕಿ ತೊಳೆದು, ಒರೆಸಿ, ಮತ್ತೆ ಒತ್ತಿದರೂ ಯಂತ್ರ ಒಪ್ಪಲಿಲ್ಲ. ಆಕೆಯ ಕಣ್ಣಲ್ಲಿ ನೀರು ಬಂತು, ತನ್ನ ಬೆರಳಿನಿಂದ ಎಲ್ಲ ನಿಂತುಹೋಗುತ್ತದೆಯೋ ಎಂಬ ಹೆದರಿಕೆ. ಹುಡುಗ ತಾಳ್ಮೆಯವನು. "ಕಾಕಿ, ಅವಸರ ಇಲ್ಲ" ಎಂದು ಮರಾಠಿಯಲ್ಲಿ ಹೇಳಿ, ಬೇರೆ ಬೇರೆ ಬೆರಳು ಹಿಡಿಸಿ ನೋಡಿದ. ಎಡಗೈಯ ಉಂಗುರ ಬೆರಳು ಕೊನೆಗೆ ಹೊಂದಿತು. ಇಂಥ ಕಡೆ ಗದರುವವರನ್ನೇ ಹೆಚ್ಚು ನೋಡಿರುವ ನನಗೆ ಆ ಹುಡುಗನ ನಡತೆ ಬಹಳ ಹಿಡಿಸಿತು. ಪೊಲೀಸ್ ಠಾಣೆಗೆ ಬಾಡಿಗೆದಾರರ ಮಾಹಿತಿ ಕೊಡುವುದನ್ನೂ ಅವನೇ ಆನ್‌ಲೈನಿನಲ್ಲಿ ಮುಗಿಸಿದ.

ಉಳಿದವು ಸಣ್ಣಪುಟ್ಟ ಕೆಲಸ. ಭಾಂಡುಪ್-ಮುಲುಂಡ್ ಭಾಗಕ್ಕೆ ಕರೆಂಟು ಮಹಾವಿತರಣದ್ದು. ಬಾಕಿ ಇಲ್ಲವೆಂದು ನೋಡಿ ಮೀಟರಿನ ಹೆಸರು ಬದಲಾಯಿಸಿಕೊಂಡೆವು. ಸೊಸೈಟಿಯವರು ಬಾಡಿಗೆಗೆ ಕೊಟ್ಟ ಮನೆಗೆಂದು ದೊಡ್ಡ ಮೊತ್ತದ ಹೆಚ್ಚುವರಿ ಶುಲ್ಕ ಹಾಕುತ್ತಿದ್ದರು. ಸೇವಾ ಶುಲ್ಕದ ಶೇ. 10 ಮೀರುವಂತಿಲ್ಲ ಎಂಬ 2001ರ ಆಗಸ್ಟ್ 1ರ ಸರ್ಕಾರಿ ಸುತ್ತೋಲೆಯನ್ನು ವಕೀಲರು ಕಾರ್ಯದರ್ಶಿಗೆ ಕಳುಹಿಸಿದರು. ಮುಂದಿನ ಬಿಲ್ಲಿನಲ್ಲಿ ಸರಿಯಾಯಿತು.

ಕೊರತೆಗಳನ್ನೂ ಹೇಳಬೇಕು. ಕಟ್ಟಡಕ್ಕೆ ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು. ಮಂಡಿ ನೋವಿರುವ ಹಿರಿಯರಿಗೆ ಕಷ್ಟ. ಹಗಲು ಅವರು ನ್ಯಾಯಾಲಯದಲ್ಲಿರುವುದರಿಂದ ಸಂಜೆಯವರೆಗೆ ಫೋನ್ ಎತ್ತುವುದಿಲ್ಲ, ಸಂದೇಶಕ್ಕೆ ಉತ್ತರ ಕೆಲವು ಸಲ ಮರುದಿನವೇ. ಹಣ ಕಟ್ಟುವ ದಿನ ಹತ್ತಿರ ಬಂದಾಗ ಇದು ಎದೆ ಹಿಂಡುತ್ತದೆ. ಒಬ್ಬ ಸಹಾಯಕರನ್ನು ಫೋನಿಗೆಂದೇ ಇಟ್ಟುಕೊಳ್ಳಬೇಕು ಎಂದು ಅವರಿಗೂ ಹೇಳಿದ್ದೇನೆ. ಕರಡುಗಳೆಲ್ಲ ಇಂಗ್ಲಿಷಿನಲ್ಲಿ. ಬಾಯಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ, ಆದರೆ ಮನೆಗೆ ಒಯ್ದು ಮತ್ತೆ ಓದಿಕೊಳ್ಳಲು ಒಂದು ಪುಟ ಕನ್ನಡದ ಸಾರಾಂಶ ಇದ್ದರೆ ನಮ್ಮ ಹೋಟೆಲ್ ಕೆಲಸದವರಿಗೆ, ಅಂಗಡಿಯವರಿಗೆ ಎಷ್ಟು ಉಪಕಾರವಾದೀತು. ಶುಲ್ಕ 35,000 ರೂಪಾಯಿ, ಎರಡು ಕಂತು. ಸರ್ಕಾರಿ ಶುಲ್ಕಗಳು ಬೇರೆ. ಮುಲುಂಡಿನಲ್ಲಿ ಇದಕ್ಕಿಂತ ಬಹಳ ಕಡಿಮೆಗೆ ಕರಾರು ಟೈಪ್ ಮಾಡಿಕೊಡುವವರು ಇದ್ದಾರೆ. ಖಾಲಿ ಇರುವ, ಕಾಗದ ನಿಚ್ಚಳವಾಗಿರುವ ಫ್ಲ್ಯಾಟು ಕೊಳ್ಳುವವರಿಗೆ ಅವರೂ ಸಾಕಾಗಬಹುದು. ಒಳಗೆ ಜನ ಇರುವ ಮನೆಗೆ ಮಾತ್ರ ನಾನು ಮತ್ತೆ ಈ ಮೆಟ್ಟಿಲನ್ನೇ ಹತ್ತುತ್ತೇನೆ.

ಪಗಡಿ ಮನೆಯ ವ್ಯವಹಾರವನ್ನೂ ಅವರು ನೋಡುತ್ತಾರೆ, ಆದರೆ ಕೈಗೆತ್ತಿಕೊಳ್ಳುವ ಮೊದಲೇ ಕೊಳ್ಳಬೇಡಿ ಎಂದು ಹೇಳುವ ಸಂಭವ ಹೆಚ್ಚು ಎಂದು ನಗುತ್ತಾ ಹೇಳಿದರು. ಹೋಗುವವರು ಸಂಜೆ ಆರರ ನಂತರ ಹೋಗಿ, ಶನಿವಾರವಾದರೆ ಬೆಳಗ್ಗೆಯೂ ಸಿಗುತ್ತಾರೆ. ಫ್ಲ್ಯಾಟಿನ ಪೂರ್ತಿ ವಿಳಾಸ, ಮಾರಾಟಗಾರರ ಖರೀದಿ ಕರಾರಿನ ಇಂಡೆಕ್ಸ್ ಟು ಪ್ರತಿ, ಬಾಡಿಗೆ ಕರಾರು ಏನಿದೆಯೋ ಅದು, ಕಳೆದ ಕೆಲವು ತಿಂಗಳ ಬಾಡಿಗೆ ಜಮೆಯಾದ ಪುರಾವೆ ಜೊತೆಯಲ್ಲಿರಲಿ. ಮುಂಗಡ ಹಣ ಕೊಡುವ ಮೊದಲು ಹೋಗಿ. ಟೋಕನ್ ಕೊಟ್ಟ ಮೇಲೆ ಬಂದವರಿಗೆ ಮಾರಾಟಗಾರರಿಂದ ಡಿಪಾಸಿಟ್ ವಿಷಯ ಬಿಡಿಸಿಕೊಡುವುದು ಬಹಳ ಕಷ್ಟವಾಗುತ್ತದೆ ಎಂದು ವಕೀಲರು ನನಗೆ ಒತ್ತಿ ಹೇಳಿದ್ದಾರೆ.